ಎಕ್ಸೆಲ್‌ನಲ್ಲಿ ಇಫ್, ಆ್ಯಂಡ್, ಆರ್: ಗೈರಾದವರೂ ಪಾಸ್ ಆಗೋದು ಯಾಕೆ?

(ಫಾರ್ಮುಲಾಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇನೆ. ಎಕ್ಸೆಲ್‌ನಲ್ಲಿ ಟೈಪ್ ಮಾಡುವಾಗ ಫಂಕ್ಷನ್ ಮತ್ತು ಸೆಲ್ ಹೆಸರು ಇಂಗ್ಲಿಷ್ ಅಕ್ಷರದಲ್ಲಿರಲಿ.)

ಇಫ್‌ಗೆ ಮೂರು ಭಾಗ: ಷರತ್ತು, ಅದು ನಿಜವಾದರೆ ಏನು ಬರಬೇಕು, ಸುಳ್ಳಾದರೆ ಏನು ಬರಬೇಕು. ಬಿ2 ಸೆಲ್‌ನಲ್ಲಿ ಅಂಕ ಇದೆ, ಪಾಸಾಗಲು 35 ಬೇಕು ಅಂದುಕೊಳ್ಳಿ.

=ಇಫ್(ಬಿ2>=35,"ಪಾಸ್","ಫೇಲ್")

ಇಷ್ಟು ಎಲ್ಲರಿಗೂ ಬರುತ್ತದೆ. ಈಗ ಬಿ2ನಲ್ಲಿ ಅಂಕ ಅಳಿಸಿ "ಗೈರು" ಅಂತ ಬರೆದು ನೋಡಿ. ಪರೀಕ್ಷೆಗೇ ಬಾರದವರು ಪಾಸ್!

ಎಕ್ಸೆಲ್ ಹೋಲಿಸುವಾಗ ಒಂದು ಕ್ರಮ ಪಾಲಿಸುತ್ತದೆ. ಸಂಖ್ಯೆ ಎಲ್ಲಕ್ಕಿಂತ ಚಿಕ್ಕದು. ಪದ ಯಾವುದೇ ಇರಲಿ, ಸಂಖ್ಯೆಗಿಂತ ದೊಡ್ಡದು. ಫಾಲ್ಸ್ (ಷರತ್ತು ಸುಳ್ಳಾದಾಗ ಬರುವ ಉತ್ತರ) ಅದಕ್ಕಿಂತ ದೊಡ್ಡದು, ಟ್ರೂ (ನಿಜವಾದಾಗ ಬರುವ ಉತ್ತರ) ಎಲ್ಲಕ್ಕಿಂತ ದೊಡ್ಡದು. ಹಾಗಾಗಿ "ಗೈರು" 35ನ್ನು ಮೀರಿಸುತ್ತದೆ. ಸೆಲ್ ಖಾಲಿ ಬಿಟ್ಟರೆ ಅದನ್ನು 0 ಅಂತ ತಗೊಂಡು ಫೇಲ್ ಮಾಡುತ್ತದೆ. ಎರಡೂ ತಪ್ಪೇ. ಒಬ್ಬರ ಫಲಿತಾಂಶದ ವಿಷಯ, ಸುಮ್ನೆ ಬಿಡೋ ಹಾಗಿಲ್ಲ. ಮೊದಲು ಅಲ್ಲಿ ಸಂಖ್ಯೆ ಇದೆಯಾ ಅಂತ ಕೇಳಬೇಕು:

=ಇಫ್(ಈಸ್‌ನಂಬರ್(ಬಿ2),ಇಫ್(ಬಿ2>=35,"ಪಾಸ್","ಫೇಲ್"),"ಗೈರು")

ಇದೇ ಕ್ರಮ ಇನ್ನೊಂದು ಕಡೆಯೂ ಕಾಡುತ್ತದೆ. 35ರಿಂದ 60ರ ಒಳಗಿದೆಯಾ ಅಂತ ನೋಡಲು ಗಣಿತದ ಅಭ್ಯಾಸದಲ್ಲಿ =35<=ಬಿ2<=60 ಅಂತ ಬರೆಯುತ್ತೇವೆ, ಅಲ್ವಾ? ಅಂಕ 50 ಇದ್ದರೂ ಫಾಲ್ಸ್ ಬರುತ್ತದೆ. ಎಕ್ಸೆಲ್ ಎಡದಿಂದ ಶುರು ಮಾಡಿ 35<=50 ಅನ್ನೋದನ್ನು ಟ್ರೂ ಮಾಡುತ್ತದೆ. ಆಮೇಲೆ ಟ್ರೂ<=60 ಅಂತ ಹೋಲಿಸುತ್ತದೆ. ಟ್ರೂ ದೊಡ್ಡದಲ್ವಾ, ಉತ್ತರ ಫಾಲ್ಸ್. ಯಾವ ಅಂಕ ಹಾಕಿದರೂ ಅಷ್ಟೇ. ಸರಿಯಾದದ್ದು:

=ಆ್ಯಂಡ್(ಬಿ2>=35,ಬಿ2<=60)

ಆ್ಯಂಡ್‌ಗೆ ಎಲ್ಲ ಷರತ್ತೂ ನಿಜವಾಗಬೇಕು, ಆರ್‌ಗೆ ಒಂದಾದರೆ ಸಾಕು. ನಾಟ್ ಉತ್ತರವನ್ನು ತಿರುಗಿಸುತ್ತದೆ.

ಆ್ಯಂಡ್ ಬಗ್ಗೆ ಇದೊಂದು ಜಾಸ್ತಿ ಗಮನದಲ್ಲಿರಲಿ: ಮೊದಲ ಷರತ್ತು ಸುಳ್ಳಾದರೂ ಅದು ಉಳಿದವನ್ನು ಲೆಕ್ಕ ಹಾಕುತ್ತದೆ. ಸಿ2ನಲ್ಲಿ ಒಟ್ಟು ಅಂಕ 0 ಇದ್ದರೆ =ಆ್ಯಂಡ್(ಸಿ2>0,ಬಿ2/ಸಿ2>=0.35) ಬರೆದರೂ ಭಾಗಾಕಾರದ ಎರರ್ ತಪ್ಪುವುದಿಲ್ಲ. ಇಫ್ ಬೇಕಾದ ಕಡೆ ಮಾತ್ರ ಲೆಕ್ಕ ಹಾಕುತ್ತದೆ, ಹಾಗಾಗಿ ಇಲ್ಲಿ ಅದನ್ನೇ ಬಳಸಿ:

=ಇಫ್(ಸಿ2>0,ಬಿ2/ಸಿ2>=0.35,ಫಾಲ್ಸ್)

ಗ್ರೇಡ್ ಕೊಡುವಾಗ ದೊಡ್ಡ ಅಂಕದಿಂದ ಕೆಳಗೆ ಬನ್ನಿ. 35ರಿಂದ ಶುರು ಮಾಡಿದರೆ 90 ತೆಗೆದವರೂ ಅಲ್ಲೇ ನಿಂತುಬಿಡುತ್ತಾರೆ. ಎಕ್ಸೆಲ್ 2019ರಲ್ಲಿ ಬಂದ ಇಫ್ಸ್ (ಹಲವು ಷರತ್ತುಗಳನ್ನು ಒಂದರ ನಂತರ ಒಂದು ನೋಡುವ ಫಂಕ್ಷನ್) ಬಳಸುವುದಾದರೆ ಕೊನೆಯ ಷರತ್ತಾಗಿ ಟ್ರೂ ಅಂತ ಕೊಡಿ, ಇಲ್ಲದಿದ್ದರೆ ಯಾವ ಷರತ್ತಿಗೂ ಸೇರದ ಅಂಕಕ್ಕೆ ಎರರ್ ಬರುತ್ತದೆ.