ಪದ ಪರಿಚಯ: ಸೆಕ್ಯುರಿಟಿ ಪಿನ್, ಅಂದರೆ ಬೀಗದೊಳಗಿನ ಬುಡುಬುಡಿಕೆ

ಸೆಕ್ಯುರಿಟಿ ಪಿನ್ ಅಂದ ತಕ್ಷಣ ಬೆಂಗಳೂರಿನಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಎಟಿಎಂ ನಂಬರು. ಕನ್ನಡ ಮಾಡೋಣ ಅಂತ 'ಭದ್ರತಾ ಪಿನ್ನು' ಅಂದರೆ ಫ್ಯಾನ್ಸಿ ಸ್ಟೋರಿನವರು ಸೀರೆಗೆ ಚುಚ್ಚುವ ಪಿನ್ನಿನ ಗೊಂಚಲು ಕೊಟ್ಟಾರು. ನಾನು ಹೇಳಹೊರಟಿರುವುದು ಮೂರನೆಯದನ್ನು. ಬೀಗದ ಹೊಟ್ಟೆಯಲ್ಲಿ ಕೂತಿರುವ, ಹೆಸರುಕಾಳಿನಷ್ಟು ಪುಟ್ಟ ಲೋಹದ ಚೂರು ಅದು.

ಅದನ್ನು ಮೊದಲು ನೋಡಿದ್ದು ಫುಟ್‌ಪಾತಿನಲ್ಲಿ. ಸಂಡೇ ಬಜಾರಿನಲ್ಲಿ ಒಂದು ಹಳೇ ಹಿತ್ತಾಳೆ ಬೀಗ ಕೊಂಡಿದ್ದೆ. ಕೀ ಇರಲಿಲ್ಲ. ಪಕ್ಕದ ರಸ್ತೆಯಲ್ಲಿ ಕೀ ಮಾಡುವವರೊಬ್ಬರ ಕೈಗೆ ಕೊಟ್ಟೆ. ಅವರು ಅದರ ಜೊತೆ ಬಹಳ ಹೊತ್ತು ಗುದ್ದಾಡಿದರು. ಕೊನೆಗೆ ಬಿಚ್ಚಿ, ಒಳಗಿನದನ್ನೆಲ್ಲ ಹಳೇ ಪೇಪರ್ ಮೇಲೆ ಸುರಿದು, ಒಂದು ಪಿನ್ನನ್ನು ಉಗುರ ತುದಿಯಲ್ಲಿ ಎತ್ತಿ ತೋರಿಸಿದರು. "ನೋಡಿ ಸಾರ್, ಇದಕ್ಕೆ ಸೊಂಟ ಸಣ್ಣ ಮಾಡವ್ರೆ. ಇಷ್ಟೊತ್ತು ಆಟ ಆಡಿಸಿದ್ದು ಇದೇ."

ಸೊಂಟ ಯಾಕೆ ಸಣ್ಣ? ಅದಕ್ಕೆ ಮೊದಲು ಬೀಗದ ಒಳಗೆ ಒಮ್ಮೆ ಇಣುಕಬೇಕು. ಕೀ ತೂರಿಸುವ ಜಾಗದಲ್ಲಿ ತಿರುಗುವ ಒಂದು ಉರುಳೆ ಇರುತ್ತದೆ, ಅದು ಪ್ಲಗ್. ಪ್ಲಗ್ಗಿನಲ್ಲೂ ಅದರ ಸುತ್ತಲಿನ ಗೋಡೆಯಲ್ಲೂ ಎದುರುಬದುರಾಗಿ ನಾಲ್ಕೋ ಐದೋ ತೂತು. ಪ್ರತಿ ತೂತಿನಲ್ಲಿ ಒಂದರ ಮೇಲೊಂದು ಎರಡು ಪಿನ್ನು, ಅದರಾಚೆ ಸ್ಪ್ರಿಂಗು. ಕೀಗೆ ತಾಗುವುದು ಕೀ ಪಿನ್, ಸ್ಪ್ರಿಂಗಿಗೆ ತಾಗುವುದು ಡ್ರೈವರ್ ಪಿನ್. ಕೀ ಇಲ್ಲದಾಗ ಡ್ರೈವರ್ ಪಿನ್ನು ಪ್ಲಗ್ಗಿಗೂ ಗೋಡೆಗೂ ನಡುವೆ ಅಡ್ಡ ಕೂತಿರುತ್ತದೆ. ಸರಿಯಾದ ಕೀ ಹಾಕಿದರೆ ಎಲ್ಲ ಜೋಡಿಗಳೂ ಬೇರೆಯಾಗುವ ಜಾಗ ಒಂದೇ ಗೆರೆಗೆ ಬರುತ್ತದೆ. ಆ ಗೆರೆಯ ಹೆಸರು ಶಿಯರ್ ಲೈನ್. ಆಗ ಪ್ಲಗ್ ಸಲೀಸಾಗಿ ತಿರುಗುತ್ತದೆ. ಅಮೆರಿಕದ ಲೈನಸ್ ಯೇಲ್ 1848ರಲ್ಲಿ ಇಂಥ ಬೀಗಕ್ಕೆ ಪೇಟೆಂಟ್ ಪಡೆದ. ಚಪ್ಪಟೆ ಕೀ ಹಾಕುವ ಈಗಿನ ರೂಪ ಕೊಟ್ಟವನು ಅದೇ ಹೆಸರಿನ ಅವನ ಮಗ, 1860ರ ದಶಕದಲ್ಲಿ.

ತೂತುಗಳನ್ನು ಎಷ್ಟೇ ಹುಷಾರಾಗಿ ಕೊರೆದರೂ ಕೂದಲೆಳೆಯಷ್ಟು ಆಚೀಚೆ ಆಗುತ್ತದೆ. ಹಾಗಾಗಿ ಪ್ಲಗ್ಗನ್ನು ಮೆಲ್ಲಗೆ ತಿರುಚಿ ಹಿಡಿದರೆ ಎಲ್ಲ ಪಿನ್ನುಗಳೂ ಒಟ್ಟಿಗೆ ಬಿಗಿಯಾಗುವುದಿಲ್ಲ. ಯಾವುದೋ ಒಂದು ಮೊದಲು ಬಿಗಿಯುತ್ತದೆ. ಅದನ್ನು ಕಡ್ಡಿಯಿಂದ ಗೆರೆಯ ತನಕ ಎತ್ತಿದರೆ 'ಟಿಕ್' ಅನ್ನುತ್ತದೆ. ಆಮೇಲೆ ಇನ್ನೊಂದರ ಸರದಿ. ಹೀಗೆ ಕೀ ಇಲ್ಲದೆ ಬೀಗ ಬಿಡಿಸುವವರು ಕಣ್ಣಲ್ಲ, ಬೆರಳನ್ನು ನಂಬುತ್ತಾರೆ.

ಸೆಕ್ಯುರಿಟಿ ಪಿನ್ ಹುಟ್ಟಿದ್ದು ಈ ಬೆರಳಿಗೆ ಸುಳ್ಳು ಹೇಳುವುದಕ್ಕೆ. ಅದು ಮಾಮೂಲಿ ಪಿನ್ನಿಗಿಂತ ಗಟ್ಟಿಯೇನಲ್ಲ, ಆಕಾರ ಬೇರೆ ಅಷ್ಟೇ.

ಎಲ್ಲಕ್ಕಿಂತ ಹೆಚ್ಚು ಕಾಣಸಿಗುವುದು ಸ್ಪೂಲ್ ಪಿನ್. ದಾರದ ರೀಲಿನ ಹಾಗೆ ಎರಡು ತುದಿ ದಪ್ಪ, ನಡು ಸಣ್ಣ. ನನಗೆ ಮಾತ್ರ ಅದು ಬುಡುಬುಡಿಕೆಯಂತೆಯೇ ಕಾಣುತ್ತದೆ. ಗುಣವೂ ಹಾಗೇ, ಅಲ್ವಾ? ಬೆಳಗಾಗುತ್ತಲೇ ಬಾಗಿಲಿಗೆ ಬಂದು ಒಳ್ಳೇ ಕಾಲ ಬಂತು ಅನ್ನುವವನ ಕೈಯಲ್ಲಿರುವುದು ಅದೇ ತಾನೆ. ಈ ಪಿನ್ನನ್ನು ಎತ್ತುವಾಗ ಅದರ ಸಣ್ಣ ಸೊಂಟ ಗೆರೆಯ ಹತ್ತಿರ ಬರುತ್ತದೆ. ಅಲ್ಲಿ ಜಾಗ ಜಾಸ್ತಿ ಇರುವುದರಿಂದ ಪ್ಲಗ್ ಸ್ವಲ್ಪ ದೂರ ತಿರುಗಿಬಿಡುತ್ತದೆ. ತೆರೆಯಿತು ಅಂತ ಎದೆ ಹಾರುತ್ತದೆ. ತೆರೆದಿರುವುದಿಲ್ಲ. ಪಿನ್ನಿನ ದಪ್ಪ ತುದಿ ಅಂಚಿಗೆ ಸಿಕ್ಕಿಕೊಂಡು ಗಟ್ಟಿಯಾಗಿ ಕೂತಿರುತ್ತದೆ. ಇದನ್ನು ಫಾಲ್ಸ್ ಸೆಟ್ ಅನ್ನುತ್ತಾರೆ, ಸುಳ್ಳು ತೆರವು.

ಕೀ ಇದ್ದವರಿಗೆ ಈ ಕಾಟವಿಲ್ಲ. ಕೀ ಮೊದಲು ಎಲ್ಲ ಪಿನ್ನನ್ನೂ ಎತ್ತಿ ಗೆರೆಗೆ ತರುತ್ತದೆ, ಆಮೇಲೆ ನಾವು ತಿರುಗಿಸುತ್ತೇವೆ. ಬಿಡಿಸುವವನು ತಿರುಚಿ ಹಿಡಿದುಕೊಂಡೇ ಎತ್ತಬೇಕು. ಸ್ಪೂಲ್ ಪಿನ್ನು ಅವನನ್ನು ಹಿಡಿಯುವುದು ಅಲ್ಲೇ.

ಬೀಗ ಬಿಡಿಸುವುದನ್ನೇ ಆಟ ಮಾಡಿಕೊಂಡ ಹವ್ಯಾಸಿಗಳೂ ಇದ್ದಾರೆ. ಅವರಿಗೆ ಇಷ್ಟವಾಗುವುದು ಇದರ ಮುಂದಿನ ಭಾಗ. ಸಿಕ್ಕಿಕೊಂಡ ಸ್ಪೂಲ್ ಪಿನ್ನನ್ನು ಇನ್ನಷ್ಟು ಎತ್ತಲು ಹೋದರೆ ಪ್ಲಗ್ ಒಂದಿಷ್ಟು ಹಿಂದಕ್ಕೆ ತಿರುಗುತ್ತದೆ. ಕೈಗೆ ಚೆನ್ನಾಗಿ ಗೊತ್ತಾಗುತ್ತದೆ. ಅಂದರೆ ಸುಳ್ಳು ಹೇಳಿದ ಪಿನ್ನು ತಾನೇ ಎದ್ದು ನಿಂತು 'ನಾನೇ' ಅಂದ ಹಾಗೆ! ಆಗ ಬಿಗಿ ಸಡಿಲಿಸಬೇಕು. ಸಡಿಲಿಸಿದರೆ ಅಲ್ಲಿಯವರೆಗೆ ಕೂರಿಸಿದ್ದ ಬೇರೆ ಪಿನ್ನುಗಳು ಜಾರಿ ಬೀಳಬಹುದು. ಈ ಹಗ್ಗಜಗ್ಗಾಟವೇ ಆಟ.

ಅಣಬೆ ಆಕಾರದ ಮಶ್ರೂಮ್ ಪಿನ್ನು ಸ್ಪೂಲಿನ ದಾಯಾದಿ, ಅದರ ಕಥೆಯೂ ಹೆಚ್ಚುಕಡಿಮೆ ಇದೇ. ಸೆರೇಟೆಡ್ ಪಿನ್ನಿನ ಸುಳ್ಳು ಬೇರೆ ಥರ. ಮೈಸುತ್ತ ಗೀರು ಗೀರಾಗಿ ಕೊರೆದಿರುತ್ತಾರೆ. ಒಂದೊಂದು ಗೀರೂ ಅಂಚಿಗೆ ತಾಗಿ 'ಟಿಕ್' ಅನ್ನುತ್ತದೆ. ನಿಜವಾದ ಟಿಕ್ ಯಾವುದು? ಹೇಳುವುದು ಕಷ್ಟ. ನನ್ನನ್ನು ಕೇಳಿದರೆ ಸ್ಪೂಲಿಗಿಂತ ಇದೇ ಕಿಲಾಡಿ. ಅಮೆರಿಕನ್ ಲಾಕ್ ಕಂಪನಿಯ 1100 ಅನ್ನುವ ಬೀಗದಲ್ಲಿ ಸ್ಪೂಲೂ ಉಂಟು, ಸೆರೇಟೆಡ್ಡೂ ಉಂಟು. ಹವ್ಯಾಸಿಗಳು ಅದನ್ನು ಒಂದು ಪರೀಕ್ಷೆ ಅಂತಲೇ ಹಿಡಿಯುತ್ತಾರೆ.

ಅವರ ಓದು ಹೀಗೆ. ಬೀಗವನ್ನು ಬಿಡಿಸಿದ ಮೇಲೆ ಬಿಚ್ಚುತ್ತಾರೆ. ಪಿನ್ನುಗಳನ್ನು ಇದ್ದ ಸಾಲಿನಲ್ಲೇ ತಟ್ಟೆಯಲ್ಲಿ ಜೋಡಿಸುತ್ತಾರೆ, ಫೋಟೋ ತೆಗೆಯುತ್ತಾರೆ. ಮೂರನೆಯದು ಸ್ಪೂಲ್ ಅಂತ ಬೆರಳು ಹೇಳಿತ್ತಲ್ಲ, ಹೌದಾ ಅಂತ ತಾಳೆ ನೋಡುತ್ತಾರೆ. ಹೊಸಬರು ಒಂದೇ ಸ್ಪೂಲ್ ಪಿನ್ ಹಾಕಿದ ಅಭ್ಯಾಸದ ಬೀಗದಿಂದ ಶುರು ಮಾಡಿ ಒಂದೊಂದೇ ಹೆಚ್ಚಿಸುತ್ತಾರೆ. ಜರ್ಮನಿಯಲ್ಲಿ 1997ರಲ್ಲೇ ಇಂಥವರ ಸಂಘ ಶುರುವಾಯಿತು. ಎಲ್ಲ ಕಡೆ ಒಪ್ಪಿಕೊಂಡ ಕಟ್ಟಳೆ ಎರಡು: ನಿನ್ನದಲ್ಲದ ಬೀಗವನ್ನು ಒಡೆಯ ಒಪ್ಪದೆ ಮುಟ್ಟಬೇಡ, ಬಳಕೆಯಲ್ಲಿರುವ ಬೀಗವನ್ನಂತೂ ಮುಟ್ಟಲೇಬೇಡ.

ಸುಳ್ಳು ಹೇಳುವ ಬೀಗ ಹೊಸದಲ್ಲ. ಲಂಡನ್ನಿನ ಬ್ರಾಮಾ ಎಂಬ ಬೀಗದ ಕಂಪನಿಯ ಅಂಗಡಿ ಕಿಟಕಿಯಲ್ಲಿ, ತೆರೆದವರಿಗೆ 200 ಗಿನಿ (ಆಗಿನ ಇಂಗ್ಲೆಂಡಿನ ಹಣ) ಅಂತ ಸವಾಲು ಹಾಕಿ ಒಂದು ಬೀಗ ಇಟ್ಟಿದ್ದರು. ಅದು ಪಿನ್ನಿನ ಬೀಗವಲ್ಲ, ಆದರೂ ಬ್ರಾಮಾ ಬೀಗಗಳಲ್ಲಿ ಬಿಡಿಸುವವರನ್ನು ಏಮಾರಿಸುವ ಸುಳ್ಳು ಕಚ್ಚುಗಳಿರುತ್ತಿದ್ದವು. 1851ರಲ್ಲಿ ಹಾಬ್ಸ್ ಎಂಬ ಅಮೆರಿಕದವನು 16 ದಿನಗಳಲ್ಲಿ ಒಟ್ಟು 51 ಗಂಟೆ ಕೂತು ತೆರೆದ.

ಇದನ್ನೆಲ್ಲ ಓದಿ ಬೀಗದಂಗಡಿಗೆ ಓಡಬೇಡಿ. ಕಬ್ಬಿಣದ ಸಲಾಕೆ ಹಿಡಿದು ಬಂದವನಿಗೆ ಸ್ಪೂಲ್ ಪಿನ್ ಇದ್ದರೇನು, ಬಿಟ್ಟರೇನು. ಅವನು ಮೀಟುವುದು ಚಿಲಕವನ್ನು. ಇನ್ನೊಂದು ಮಾತು. ನಮ್ಮಲ್ಲಿ ಮಾರುವ ಎಷ್ಟೋ ಬೀಗಗಳು ಲಿವರ್ ಬೀಗಗಳು. 2019ರಲ್ಲಿ ಜಿಐ (ಊರಿನ ಹೆಸರಿಗೆ ಕೊಡುವ ಭೌಗೋಳಿಕ) ಗುರುತು ಸಿಕ್ಕ, ತಮಿಳುನಾಡಿನ ದಿಂಡಿಗಲ್ ಬೀಗವೂ ಆ ಜಾತಿಯದೇ. ಅವುಗಳಲ್ಲಿ ಪಿನ್ನಿನ ಬದಲು ತಗಡಿನ ಲಿವರುಗಳು ಇರುತ್ತವೆ. ಇಷ್ಟೆಲ್ಲ ತಿಳಿದುಕೊಂಡು ಮನೆಗೆ ಬಂದು ನಮ್ಮ ಗೇಟಿನ ಬೀಗ ತಿರುಗಿಸಿ ನೋಡಿದೆ. ಮೈಮೇಲೆ ದಪ್ಪಕ್ಷರದಲ್ಲಿ ಬರೆದಿತ್ತು: 7 ಲಿವರ್.