ಚಾನೆಲ್ ತೆರೆದರೆ ನೋವು ಜಾಸ್ತಿಯೋ, ಕಡಿಮೆಯೋ?

ಇಂಟರ್ನಲ್ಸ್‌ನಲ್ಲಿ ಎರಡು ಮಾರ್ಕ್ಸ್ ಹೋಯಿತು. 'ನೋವಿನ ನ್ಯೂರಾನ್‌ನಲ್ಲಿ ಪೊಟ್ಯಾಶಿಯಂ ಚಾನೆಲ್ ಹೆಚ್ಚು ತೆರೆದರೆ ಏನಾಗುತ್ತದೆ?' ಎಂಬ ಪ್ರಶ್ನೆಗೆ 'ನೋವು ಜಾಸ್ತಿ ಆಗುತ್ತದೆ' ಎಂದು ಬರೆದು ಬಂದಿದ್ದೆ. ತಪ್ಪು. ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ. (ನ್ಯೂರಾನ್ ಎಂದರೆ ನರಕೋಶ; ಚಾನೆಲ್ ಎಂದರೆ ಅದರ ಪೊರೆಯಲ್ಲಿ ತೆರೆದು ಮುಚ್ಚುವ ಸಣ್ಣ ಬಾಗಿಲು.)

ಉರಿಯೂತದ ನೋವಿನ ಮೊದಲ ಭಾಗ ಗೊತ್ತೇ ಇದೆ. ಊದಿಕೊಂಡ ಜಾಗದಲ್ಲಿ ಪ್ರೊಸ್ಟಾಗ್ಲಾಂಡಿನ್, ಬ್ರಾಡಿಕೈನಿನ್ ಎಂಬ ರಾಸಾಯನಿಕಗಳು ಸೇರುತ್ತವೆ, ನರದ ತುದಿ ಸೂಕ್ಷ್ಮವಾಗುತ್ತದೆ. ಹಲ್ಲು, ದವಡೆಯ ನೋವಾದರೆ ಸುದ್ದಿ ಟ್ರೈಜೆಮಿನಲ್ ನರದ ಮೂಲಕ ಮಿದುಳಿನ ಬುಡದಲ್ಲಿರುವ ಮೆಡುಲ್ಲಾಕ್ಕೆ ಬರುತ್ತದೆ. ಅಲ್ಲಿನ ಕೆಲವು ನ್ಯೂರಾನ್‌ಗಳು ಅದನ್ನು ಮೇಲಕ್ಕೆ ದಾಟಿಸುತ್ತವೆ. ನಮಗೆ ಬೇಕಾದವು ಇವೇ.

ನಾನು ಎಡವಿದ್ದು ಇಲ್ಲಿ. ಚಾನೆಲ್ ಅಂದರೆ ನನಗೆ ನಮ್ಮ ಕಂದವಾರ ಕೆರೆಯ ತೂಬು. ತೂಬು ಎತ್ತಿದರೆ ನೀರು ಹರಿಯುವ ಹಾಗೆ, ಚಾನೆಲ್ ತೆರೆದರೆ ನೋವಿನ ಸುದ್ದಿ ಹರಿಯುತ್ತದೆ ಎಂದುಕೊಂಡಿದ್ದೆ. ಆದರೆ ಅದರಲ್ಲಿ ಹರಿಯುವುದು ಸುದ್ದಿಯಲ್ಲ, ಅಯಾನು, ಅಂದರೆ ಚಾರ್ಜ್ ಹೊತ್ತ ಕಣ. ಯಾವ ಅಯಾನು? ಒಳಗೋ, ಹೊರಗೋ? ಇದನ್ನು ಕೇಳಿಕೊಳ್ಳದೆ ಪೆನ್ನು ಎತ್ತಬೇಡಿ.

ಲೆಕ್ಕ ಹೀಗೆ. ಸುಮ್ನೆ ಕೂತ ನ್ಯೂರಾನ್‌ನ ಒಳಗೆ ಸುಮಾರು ಮೈನಸ್ 70 ಮಿಲಿವೋಲ್ಟ್. ಮೈನಸ್ 55ರ ಹತ್ತಿರ ಬಂದರೆ ಅದು ಫೈರ್ ಆಗುತ್ತದೆ, ಅಂದರೆ ಸುದ್ದಿಯನ್ನು ವಿದ್ಯುತ್ ಮಿಡಿತವಾಗಿ ಕಳಿಸುತ್ತದೆ. ಸೋಡಿಯಂ ಹೊರಗೆ ಜಾಸ್ತಿ. ಬಾಗಿಲು ತೆರೆದರೆ ಪ್ಲಸ್ ಚಾರ್ಜ್ ಹೊತ್ತು ಒಳಗೆ ನುಗ್ಗುತ್ತದೆ, ನ್ಯೂರಾನ್ ಫೈರ್ ಆಗುತ್ತದೆ. ಪೊಟ್ಯಾಶಿಯಂ ಒಳಗೆ ಜಾಸ್ತಿ: ಲೀಟರಿಗೆ ಸುಮಾರು 140 ಮಿಲಿಮೋಲ್, ಹೊರಗೆ 4-5 ಅಷ್ಟೇ. ಬಾಗಿಲು ತೆರೆದರೆ ಅದು ಹೊರಗೆ ಓಡುತ್ತದೆ, ಹೋಗುವಾಗ ಪ್ಲಸ್ ಚಾರ್ಜನ್ನೂ ಕೊಂಡೊಯ್ಯುತ್ತದೆ. ಒಳಗೆ ಇನ್ನಷ್ಟು ಮೈನಸ್. ಮೈನಸ್ 55 ಇನ್ನೂ ದೂರವಾಯಿತು, ಅಲ್ವಾ? ಇಲ್ಲಿ ತೆರೆದ ಬಾಗಿಲೇ ಬ್ರೇಕ್. (ಮೈನಸ್ 70 ಹೋಗಿ ಮೈನಸ್ 80 ಆದದ್ದನ್ನು 'ಏರಿತು' ಎಂದು ಓದಿಕೊಂಡವನೂ ನಾನೇ.)

ಎ-ಟೈಪ್ ಪೊಟ್ಯಾಶಿಯಂ ಚಾನೆಲ್ ಈ ಜಾತಿಯದು. ವೋಲ್ಟೇಜ್ ಏರಲು ಶುರುವಾದ ಕೂಡಲೇ ತೆರೆಯುತ್ತದೆ, ಸ್ವಲ್ಪ ಹೊತ್ತಿಗೆ ತಾನೇ ಸ್ತಬ್ಧವಾಗುತ್ತದೆ. ಅಷ್ಟರಲ್ಲಿ ಮುಂದಿನ ಫೈರ್ ತಡವಾಗಿರುತ್ತದೆ.

ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದವರು ಇಲಿಗಳ ಮೆಡುಲ್ಲಾದಲ್ಲಿ ಇದನ್ನೇ ಅಳೆದು 2025ರಲ್ಲಿ ಪ್ರಕಟಿಸಿದರು. ಹೊಸದಾಗಿ ಬಂದ ಉರಿಯೂತದ ನೋವಿನಲ್ಲಿ ಆ ದಾಟಿಸುವ ನ್ಯೂರಾನ್‌ಗಳ ಎ-ಟೈಪ್ ಕರೆಂಟ್ (ಆ ಚಾನೆಲ್‌ಗಳ ಮೂಲಕ ಪೊಟ್ಯಾಶಿಯಂ ಹರಿಯುವುದು) ಹೆಚ್ಚಾಯಿತು, ನ್ಯೂರಾನ್‌ಗಳು ಮೊದಲಿಗಿಂತ ಮಂದವಾದವು. ನೋವು ಇಳಿದ ಮೇಲೆ ಮತ್ತೆ ಮಾಮೂಲಿ. ನೋವು ದೀರ್ಘಕಾಲದ್ದಾದಾಗ ಮಾತ್ರ ಆ ಕರೆಂಟ್ ಹೆಚ್ಚಲಿಲ್ಲ, ನ್ಯೂರಾನ್‌ಗಳು ಅತಿ ಚುರುಕಾದವು. ಹಳೇ ನೋವು ಅಂದರೆ ಹೊಸ ನೋವೇ ಜಾಸ್ತಿ ದಿನ ಉಳಿದದ್ದು ಎಂದು ಭಾವಿಸಿದ್ದೆ. ಅಲ್ಲ, ಒಳಗಿನ ಸ್ಥಿತಿಯೇ ಉಲ್ಟಾ.

ಬ್ರೇಕ್ ಬಿದ್ದಿದ್ದರೆ ಹೊಸ ನೋವಾದರೂ ಯಾಕೆ ನೋಯುತ್ತದೆ ಎಂದು ನನ್ನ ರೂಮ್‌ಮೇಟ್ ಕೇಳಿದ. ನಂದಿ ಬೆಟ್ಟ ಇಳಿಯುವಾಗ ಬ್ರೇಕ್ ಹಿಡಿದರೂ ಬೈಕ್ ಇಳಿಯುತ್ತಲೇ ಇರುತ್ತದಲ್ಲ ಮಾರಾಯ, ಎಂದೆ.

ಇನ್ನೊಂದು. ಹಲ್ಲು ಕೀಳುವ ಮುಂಚೆ ಕೊಡುವ ಲಿಗ್ನೊಕೇನ್ ಎಂಬ ಮರಗಟ್ಟಿಸುವ ಮದ್ದು ಸೋಡಿಯಂ ಚಾನೆಲ್ಲನ್ನು ತಡೆಯುತ್ತದೆ, ಸುದ್ದಿ ಹೊರಡುವುದೇ ಇಲ್ಲ. ಅದನ್ನು ಓದಿ 'ಚಾನೆಲ್ ಮುಚ್ಚಿದರೆ ನೋವು ಕಡಿಮೆ' ಎಂದು ಎಲ್ಲದಕ್ಕೂ ಒಂದೇ ಸೂತ್ರ ಮಾಡಿಕೊಂಡಿದ್ದೆ. ಎರಡು ಮಾರ್ಕ್ಸ್ ತಿಂದದ್ದು ಆ ಸೂತ್ರವೇ.