ಹಠವಲ್ಲ, ರಚ್ಚೆ

ಪ್ರಶ್ನೆ: ನನ್ನ ಮಗಳಿಗೆ ಮೂರೂವರೆ ವರ್ಷ. ಮನೆಯಲ್ಲಿ ಚೆನ್ನಾಗಿಯೇ ಇರುತ್ತಾಳೆ. ಮದುವೆ, ಜಾತ್ರೆ ಅಂತ ಹೊರಟರೆ ಮಾತ್ರ ಒಂದು ಹೊತ್ತಿಗೆ ಶುರು ಮಾಡಿಬಿಡುತ್ತಾಳೆ. ಎತ್ತಿಕೊಂಡರೆ ಇಳಿಸು ಅಂತಾಳೆ, ಇಳಿಸಿದರೆ ಎತ್ತಿಕೋ ಅಂತಾಳೆ. ಕೇಳಿದ್ದು ಕೊಟ್ಟರೆ ಎಸೆಯುತ್ತಾಳೆ. ಕೊನೆಗೆ ಮೊಬೈಲ್ ಕೊಟ್ಟರೇನೇ ಸುಮ್ಮನಾಗೋದು. ನೆಂಟರೆಲ್ಲ ‘ಮುದ್ದು ಮಾಡಿ ಕೆಡಿಸಿದ್ದೀಯ’ ಅಂತಾರೆ. ಆ ಹೊತ್ತಿನಲ್ಲಿ ನಾನು ಏನು ಮಾಡಬೇಕು?

ಉತ್ತರ: ಎತ್ತಿಕೊಂಡರೆ ಇಳಿಸು, ಇಳಿಸಿದರೆ ಎತ್ತಿಕೋ ಅನ್ನುವ ಮಗುವನ್ನು ನೋಡಿ ಹಳೆಯ ಕಾಲದ ಹೆಂಗಸರು ‘ರಚ್ಚೆ ಹಿಡಿದಿದೆ’ ಅನ್ನುತ್ತಿದ್ದರು. ಹಠ ಬೇರೆ. ಹಠಕ್ಕೆ ಒಂದು ವಸ್ತು ಇರುತ್ತದೆ. ಬಲೂನು ಬೇಕು ಅಂತ ಕೂತ ಮಗುವಿಗೆ ಬಲೂನು ಸಿಕ್ಕರೆ ಕಣ್ಣೀರು ಅಲ್ಲೇ ನಿಲ್ಲುತ್ತದೆ. ರಚ್ಚೆಗೆ ಅಂಥದ್ದೇನೂ ಇಲ್ಲ, ತನಗೆ ಏನು ಬೇಕೆಂದು ಮಗುವಿಗೇ ತಿಳಿದಿರುವುದಿಲ್ಲ. ನೀವು ಬರೆದಿರುವುದು ರಚ್ಚೆ. ಇದನ್ನು ಹಠ ಅಂದುಕೊಂಡು ಗದರಿದರೂ ಕಷ್ಟ, ಹಠ ಅಂದುಕೊಂಡು ಕೇಳಿದ್ದೆಲ್ಲ ಕೊಡುತ್ತಾ ಹೋದರೂ ಕಷ್ಟ.

ಮದುವೆಯ ದಿನವನ್ನು ಅವಳ ಎತ್ತರದಿಂದ ನೋಡಿ. ಬೆಳಗ್ಗೆ ಐದಕ್ಕೆ ಎಬ್ಬಿಸಿ ಸ್ನಾನ. ಜರಿ ಚುಚ್ಚುವ ಲಂಗ, ಬಿಗಿಯಾಗಿ ಎಳೆದು ಹಾಕಿದ ಜಡೆ. ಛತ್ರದಲ್ಲಿ ಕಣ್ಣಿಗೆ ಕಾಣುವುದೆಲ್ಲ ದೊಡ್ಡವರ ಕಾಲು. ಪರಿಚಯವಿಲ್ಲದವರು ಕೆನ್ನೆ ಹಿಂಡುತ್ತಾರೆ, ಕ್ಯಾಮೆರಾದವರ ಲೈಟು ಮುಖಕ್ಕೇ ಹೊಡೆಯುತ್ತದೆ. ಗಟ್ಟಿಮೇಳ ಅಂದ ಕೂಡಲೇ ಡೋಲು ಎದೆಯೊಳಗೇ ಬಡಿದಂತಾಗುತ್ತದೆ. ಊಟದ ಪಂಕ್ತಿ ಸಿಗುವುದು ಒಂದೂವರೆಗೆ. ಮಧ್ಯಾಹ್ನದ ನಿದ್ದೆಯಂತೂ ಇಲ್ಲವೇ ಇಲ್ಲ. ನಾವು ದೊಡ್ಡವರೇ ಅಂಥ ದಿನ ಸಂಜೆ ಮನೆಗೆ ಬಂದು ಒಬ್ಬರ ಮೇಲೊಬ್ಬರು ಸಿಡುಕುತ್ತೇವೆ.

ಸಿಡುಕನ್ನು ತಡೆಯುವ ಕೆಲಸ ಮಿದುಳಿನ ಹಣೆಯ ಭಾಗದ್ದು. ಅದು ಪೂರ್ತಿ ಬಲಿಯಲು ಸುಮಾರು 25 ವರ್ಷ ಬೇಕು. ಅಪಾಯ ಎಂದು ಕೂಗುವ ಅಮಿಗ್ಡಲಾ ಎಂಬ ಭಾಗ ಮಾತ್ರ ಎಳವೆಯಲ್ಲೇ ಚುರುಕು. ಅದು ಕೂಗಿದಾಗ ಎದೆ ಹೊಡೆದುಕೊಳ್ಳುತ್ತದೆ, ಕೈಕಾಲು ಬಿಗಿಯುತ್ತದೆ, ಹೇಳಿದ ಮಾತು ಕಿವಿಗೆ ಬಿದ್ದರೂ ತಲೆಗೆ ಹೋಗುವುದಿಲ್ಲ. ‘ಯಾಕೆ ಅಳ್ತಿದ್ದೀಯ ಹೇಳು’ ಎಂದು ಆಗ ಹತ್ತು ಸಲ ಕೇಳಿದರೂ ಉತ್ತರ ಬಾರದಿರುವುದು ಅದಕ್ಕೇ.

ಹಾಗಾಗಿ ಮೊದಲು ಮಾಡಬೇಕಾದದ್ದು ಮಾತಲ್ಲ, ಜಾಗ ಬದಲಿಸುವುದು. ಎತ್ತಿಕೊಂಡು ಹೊರಗೆ ನಡೆಯಿರಿ. ವಾಹನ ನಿಲ್ಲಿಸುವ ಕಡೆ ಒಂದು ಮರ, ಖಾಲಿ ಇರುವ ರೂಮು, ಮಹಡಿಯ ಮೆಟ್ಟಿಲು, ಯಾವುದಾದರೂ ಆದೀತು. ಲಂಗದ ದಾರ ಸಡಿಲ ಮಾಡಿ, ಮುಖಕ್ಕೆ ಒಂದಿಷ್ಟು ತಣ್ಣೀರು ಸವರಿ. ನೆಲದ ಮೇಲೆ ಕೂತು ನಿಮ್ಮ ಮುಖ ಅವಳ ಮುಖದ ಮಟ್ಟಕ್ಕೆ ಬರಲಿ. ‘ತುಂಬಾ ಸದ್ದು ಅಲ್ವಾ ಪುಟ್ಟಿ, ಇಲ್ಲೇ ಇದ್ದೀನಿ’ ಅಷ್ಟೇ ಸಾಕು. ಅದನ್ನೇ ಮೆಲ್ಲಗೆ ಇನ್ನೊಂದು ಸಲ ಹೇಳಿ. ಬುದ್ಧಿಮಾತು ಬೇಡ.

ಮುಟ್ಟಿದರೆ ಕೊಸರಿಕೊಂಡರೆ ಬಿಟ್ಟುಬಿಡಿ. ತಲೆ ನೆಲಕ್ಕೆ, ಗೋಡೆಗೆ ಬಡಿಯದ ಹಾಗೆ ನೋಡಿಕೊಂಡು ಒಂದು ಮೊಳ ದೂರದಲ್ಲಿ ಕೂತಿರಿ. ಅಮೆರಿಕದ ಸಂಶೋಧಕರಾದ ಮೈಕೆಲ್ ಪೊಟೆಗಲ್ ಮತ್ತು ರಿಚರ್ಡ್ ಡೇವಿಡ್ಸನ್ ಚಿಕ್ಕ ಮಕ್ಕಳ ರಂಪದ ಬಗ್ಗೆ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮುಕ್ಕಾಲು ಪಾಲು ರಂಪಗಳು 5 ನಿಮಿಷದೊಳಗೇ ಮುಗಿದಿದ್ದವು. ಅವರು ಕಂಡ ಇನ್ನೊಂದು ಸಂಗತಿ ಇನ್ನೂ ಉಪಯೋಗದ್ದು. ಸಿಟ್ಟು ಬೇಗ ಏರಿ ಬೇಗ ಇಳಿಯುತ್ತದೆ, ದುಃಖ ಮಾತ್ರ ಉದ್ದಕ್ಕೂ ಹರಿಯುತ್ತಿರುತ್ತದೆ. ಒದೆಯುವುದು, ಎಸೆಯುವುದು ನಿಂತು ಬಿಕ್ಕಳಿಕೆ ಉಳಿಯಿತೆನ್ನಿ, ಮಗು ತಾನಾಗಿ ನಿಮ್ಮ ಕಡೆ ವಾಲುತ್ತದೆ. ಅಪ್ಪಿಕೊಳ್ಳಲು ಅದೇ ಹೊತ್ತು.

ಉಸಿರಿನ ಉಪಾಯವನ್ನೂ ಹೇಳಿಬಿಡುತ್ತೇನೆ. ಉಸಿರು ಬಿಡುವಾಗ ವೇಗಸ್ ಎಂಬ ನರ ಹೃದಯದ ಓಟವನ್ನು ನಿಧಾನ ಮಾಡುತ್ತದೆ. ಆದ್ದರಿಂದ ಎಳೆದುಕೊಳ್ಳುವುದಕ್ಕಿಂತ ಉದ್ದವಾಗಿ ಬಿಡುವುದು ಮುಖ್ಯ. ಮೂರು ವರ್ಷದ ಮಗುವಿಗೆ ಪ್ರಾಣಾಯಾಮ ಹೇಳಿಕೊಡಲು ಹೋಗಬೇಡಿ. ‘ಬಿಸಿ ಸಾರು ಆರಿಸು, ಉಫ್’ ಅನ್ನಿ, ಸೋಪಿನ ಗುಳ್ಳೆ ಊದಿಸಿ. ಇದನ್ನು ನಗುತ್ತಾ ಆಡುವಾಗಲೇ ರೂಢಿ ಮಾಡಿಸಬೇಕು, ರಚ್ಚೆಯ ನಡುವೆ ಶುರು ಮಾಡಿದರೆ ಗುಳ್ಳೆಯ ಡಬ್ಬಿಯೂ ಹಾರಿಹೋಗುತ್ತದೆ. ಆ ಹೊತ್ತಿನಲ್ಲಿ ಉದ್ದ ಉಸಿರು ಬಿಡಬೇಕಾದವರು ನೀವು. ಎತ್ತಿಕೊಂಡವರ ಎದೆ ನಿಧಾನವಾದರೆ ಮಗುವಿಗೂ ಅದು ತಾಗುತ್ತದೆ.

ದೃಷ್ಟಿ ತೆಗೆದ ಮೇಲೆ ಮಗು ಸುಮ್ಮನಾಯಿತು ಎಂದು ಅಜ್ಜಿಯಂದಿರು ಹೇಳುವುದು ಸುಳ್ಳಲ್ಲ ಅನ್ನಿಸುತ್ತದೆ ನನಗೆ. ಗಲಾಟೆಯಿಂದ ಒಳಗೆ ಕರೆದೊಯ್ದು, ಎದುರಿಗೆ ಕೂರಿಸಿ, ಅವಸರವಿಲ್ಲದೆ ಕೈ ನೀವಾಳಿಸುವ ಒಬ್ಬ ಮುದುಕಿ. ಇಷ್ಟು ಹೊತ್ತು ಮಾಡಬೇಕು ಅಂದಿದ್ದೆಲ್ಲ ಅದರಲ್ಲೇ ಇದೆ. ಮೆಣಸಿನಕಾಯಿ ಘಾಟು ಮಾತ್ರ ಮಗುವಿನ ಮೂಗಿಗೆ ಬೇಡ. ‘ಗುಮ್ಮ ಬರ್ತಾನೆ’, ‘ಡಾಕ್ಟರ ಹತ್ರ ಸೂಜಿ ಚುಚ್ಚಿಸ್ತೀನಿ’ ಎಂಬ ಹೆದರಿಕೆಯೂ ಬೇಡ. ಮೊದಲೇ ಅಪಾಯ ಎಂದು ಕೂಗುತ್ತಿರುವ ಮಿದುಳು ಅದು.

ಮೊಬೈಲ್ ವಿಷಯ. ಅದು ಕೆಲಸ ಮಾಡುತ್ತದೆ, ಅದರಲ್ಲಿ ಅನುಮಾನವಿಲ್ಲ. ಒಂದು ದಿನ ಕೊಟ್ಟಿರಿ ಎಂದು ಕೊರಗಬೇಡಿ. ಪ್ರತಿ ಸಲವೂ ಅದನ್ನೇ ಕೊಟ್ಟರೆ, ಅಳು ತಾನಾಗಿ ಇಳಿಯುವುದನ್ನು ಮಗು ಕಲಿಯುವ ಸಂದರ್ಭವೇ ಬರುವುದಿಲ್ಲ. ಮಿಷಿಗನ್ ವಿಶ್ವವಿದ್ಯಾಲಯದವರು 3ರಿಂದ 5 ವರ್ಷದ 422 ಮಕ್ಕಳನ್ನು ಗಮನಿಸಿ 2022ರ ಕೊನೆಯಲ್ಲಿ ಪ್ರಕಟಿಸಿದ ಅಧ್ಯಯನ ಹೇಳಿದ್ದೂ ಇದೇ ಬಗೆಯ ಮಾತು. ಸಮಾಧಾನಕ್ಕೆಂದು ಪದೇ ಪದೇ ಮೊಬೈಲ್ ಪಡೆದ ಮಕ್ಕಳಲ್ಲಿ, ಅದರಲ್ಲೂ ಗಂಡುಮಕ್ಕಳಲ್ಲಿ, ಕೆಲವು ತಿಂಗಳ ಮೇಲೆ ಸಿಡುಕು ಹೆಚ್ಚೇ ಕಂಡಿತು.

ಇನ್ನು, ಬಲೂನಿಗಾಗಿಯೇ ಅಳುತ್ತಿದ್ದರೆ? ಬೇಡ ಅಂದಿದ್ದು ಬೇಡವೇ ಆಗಿರಲಿ, ಪಕ್ಕದಲ್ಲಿ ಮಾತ್ರ ಕೂತಿರಿ.

ಮುಂದಿನ ಮದುವೆಗೆ ಹೊರಡುವಾಗ ಹತ್ತಿ ಫ್ರಾಕು, ಒಂದು ಡಬ್ಬಿ ಮೊಸರನ್ನ ಚೀಲದಲ್ಲಿರಲಿ. ಹನ್ನೆರಡಕ್ಕೇ ಊಟ ಮಾಡಿಸಿ. ಈ ವಯಸ್ಸಿಗೆ ಹಗಲು ನಿದ್ದೆಯೂ ಸೇರಿ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಹಿಂದಿನ ರಾತ್ರಿ ಬೇಗ ಮಲಗಿಸಿದರೆ ಅರ್ಧ ಗೆದ್ದಂತೆ. ಅಳುತ್ತಾ ಉಸಿರು ಕಟ್ಟಿ ತುಟಿ ನೀಲಿಯಾಗುವುದಾದರೆ ಮಕ್ಕಳ ವೈದ್ಯರಿಗೆ ತೋರಿಸಿ. ಕಬ್ಬಿಣಾಂಶದ ಕೊರತೆ ಇರುವ ಮಕ್ಕಳಲ್ಲಿ ಇದು ಹೆಚ್ಚು, ರಕ್ತ ಪರೀಕ್ಷೆಯಲ್ಲಿ ತಿಳಿಯುತ್ತದೆ. ದಿನವೂ ಮಿಕ್ಸಿ, ಕುಕ್ಕರ್ ಸದ್ದಿಗೆ ಕಿವಿ ಮುಚ್ಚಿ ಕಿರುಚುವುದು, ವಯಸ್ಸಿಗೆ ತಕ್ಕ ಮಾತು ಬಾರದಿರುವುದು, ತನಗೇ ಪೆಟ್ಟು ಮಾಡಿಕೊಳ್ಳುವುದು ಕಂಡರೂ ತಡ ಮಾಡಬೇಡಿ. ನಿಮಗೇ ಸಾಕಾಗಿ ಹೋಗಿದೆ ಅನ್ನಿಸಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು.

ನೆಂಟರ ಮಾತಿಗೆ ಛತ್ರದಲ್ಲಿ ನಿಂತು ವಾದ ಮಾಡಲು ಹೋಗಬೇಡಿ, ಅದರಿಂದ ಸದ್ದು ಇನ್ನಷ್ಟು ಜಾಸ್ತಿಯಾಗುತ್ತದೆ. ‘ಇವಳಿಗೆ ಗಲಾಟೆ ಆಗಲ್ಲ ಅತ್ತೆ, ಹತ್ತು ನಿಮಿಷ ಹೊರಗಿದ್ದು ಬರ್ತೀವಿ’ ಅನ್ನಿ, ಉತ್ತರಕ್ಕೆ ಕಾಯದೆ ನಡೆಯಿರಿ.